ಪೂರ್ವಾಪರ ಪರಿಶೀಲನೆಯಲ್ಲಿ ವಿದೇಶಿ ನಂಟು ಮತ್ತು ಸಾಲ

ಸರ್ಕಾರಿ ಹುದ್ದೆಗೆ, ರಕ್ಷಣಾ ಸಂಸ್ಥೆಗಳಿಗೆ, ವಿಮಾನ ನಿಲ್ದಾಣ, ಅಣುಸ್ಥಾವರಗಳಂಥ ಬಿಗಿ ಕಾವಲಿನ ಜಾಗಗಳಿಗೆ ಸೇರುವವರ ನಡತೆ, ಕುಟುಂಬ ಮತ್ತು ಹಿಂದಿನ ಬದುಕನ್ನು ವಿಚಾರಿಸಿ, ಅವರು ನಂಬಿಕೆಗೆ ಅರ್ಹರೇ ಎಂದು ಸರ್ಕಾರ ತೀರ್ಮಾನಿಸುವ ಕ್ರಮಕ್ಕೆ ಪೂರ್ವಾಪರ ಪರಿಶೀಲನೆ ಎಂದು ಹೆಸರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಉದ್ಯೋಗಾಕಾಂಕ್ಷಿಗಳ ಬಾಯಲ್ಲಿ ಇದು ‘ಪೊಲೀಸ್ ವೆರಿಫಿಕೇಷನ್’. ಈ ವಿಚಾರಣೆಯಲ್ಲಿ ಕ್ರಿಮಿನಲ್ ಮೊಕದ್ದಮೆಗಳ ಜೊತೆಗೆ ಎರಡು ಸಂಗತಿಗಳು ಪ್ರಶ್ನೆಗೆ ಬರುತ್ತವೆ. ಒಂದು, ಬೇರೆ ದೇಶದಲ್ಲಿರುವ ಅಥವಾ ಬೇರೆ ದೇಶದ ಪೌರತ್ವ ಪಡೆದಿರುವ ಬಂಧುಗಳು. ಇನ್ನೊಂದು, ತೀರದೆ ಉಳಿದ ಸಾಲ. ಇವೆರಡೂ ತಾವಾಗಿಯೇ ಅಪರಾಧಗಳಲ್ಲ. ಅವನ್ನು ಮುಚ್ಚಿಟ್ಟಿದ್ದು ಬಯಲಾದಾಗ, ಅಥವಾ ವಿವರಣೆ ಕೊಡದೆ ಹಾಗೆಯೇ ಬಿಟ್ಟಾಗ ತೊಡಕು ಹುಟ್ಟುತ್ತದೆ.

ಪ್ರಶ್ನೆಯ ಮೂಲ

ವಿದೇಶದಲ್ಲಿರುವ ಬಂಧುವಿನ ಮೂಲಕ ಒತ್ತಡ ಹೇರಬಹುದು, ಸಾಲದ ಹೊರೆಯಿದ್ದವನಿಗೆ ಹಣದ ಆಮಿಷ ತೋರಿಸಬಹುದು ಎಂಬುದು ಎಲ್ಲ ದೇಶಗಳ ಗುಪ್ತಚರ ವಿಭಾಗಗಳ ಹಳೆಯ ಎಣಿಕೆ. ಅಮೆರಿಕದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್‌ನ ಪ್ರಕರಣವನ್ನು ಇದಕ್ಕೆ ನಿದರ್ಶನವಾಗಿ ಕೊಡುವುದುಂಟು. ವಿಚ್ಛೇದನದ ಖರ್ಚು ಮತ್ತು ಸಾಲದಲ್ಲಿ ಸಿಕ್ಕಿಬಿದ್ದಿದ್ದ ಏಮ್ಸ್ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರಲು ಆರಂಭಿಸಿದ. 1994ರ ಫೆಬ್ರುವರಿಯಲ್ಲಿ ಬಂಧನಕ್ಕೊಳಗಾಗುವವರೆಗೂ ಅವನು ಸಿಐಎ ನೌಕರಿಯಲ್ಲೇ ಇದ್ದ.

ಸಂಶಯ ಹಾದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ವರ್ಷದ ಭಾರತದ ಇನ್ನೊಂದು ಪ್ರಕರಣ ಸಾಕ್ಷಿ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು 1994ರ ನವೆಂಬರ್‌ನಲ್ಲಿ ಕೇರಳ ಪೊಲೀಸರು ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಿದರು. ವಿದೇಶಿಯರ ಜೊತೆಗಿನ ಸಂಪರ್ಕವೇ ಆ ಕಥೆಯ ತಿರುಳಾಗಿತ್ತು. ಆರೋಪದಲ್ಲಿ ಹುರುಳಿಲ್ಲವೆಂದು ಸಿಬಿಐ 1996ರಲ್ಲಿ ವರದಿ ಕೊಟ್ಟಿತು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 14ರಂದು ಅವರಿಗೆ 50 ಲಕ್ಷ ರೂ. ಪರಿಹಾರ ಕೊಡುವಂತೆ ಆದೇಶಿಸಿತು. ಅಷ್ಟರಲ್ಲಿ ಸುಮಾರು 24 ವರ್ಷಗಳು ಸಂದಿದ್ದವು.

ಭಾರತದಲ್ಲಿನ ಕ್ರಮ

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಅಭ್ಯರ್ಥಿ ಮೊದಲು ದೃಢೀಕರಣ ನಮೂನೆಯನ್ನು ತುಂಬಬೇಕು. ಕೇಂದ್ರ ಸರ್ಕಾರದ ಹುದ್ದೆಗಳ ನಮೂನೆಯಲ್ಲಿ ಹಿಂದಿನ 5 ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸವಿದ್ದ ಊರುಗಳು, ತಂದೆ, ತಾಯಿ, ಪತಿ ಅಥವಾ ಪತ್ನಿ, ಒಡಹುಟ್ಟಿದವರ ರಾಷ್ಟ್ರೀಯತೆ, ವಿದೇಶದಲ್ಲಿ ಓದುತ್ತಿರುವ ಅಥವಾ ನೆಲೆಸಿರುವ ಮಕ್ಕಳ ವಿವರಗಳನ್ನು ಕೇಳಲಾಗುತ್ತದೆ. ದೇಶ ವಿಭಜನೆಯ ನೆನಪು ಈ ನಮೂನೆಯಲ್ಲಿ ಇನ್ನೂ ಉಳಿದಿದೆ. ಮೂಲತಃ ಪಾಕಿಸ್ತಾನದಲ್ಲಿ ನೆಲೆಸಿದ್ದವರಾದರೆ ಅಲ್ಲಿನ ವಿಳಾಸವನ್ನೂ ವಲಸೆ ಬಂದ ದಿನಾಂಕವನ್ನೂ ಬರೆಯಬೇಕು. ಬಂಧನ, ಮೊಕದ್ದಮೆ, ದಂಡ, ಪರೀಕ್ಷೆಗಳಿಂದ ಡಿಬಾರ್ ಆದದ್ದು ಮುಂತಾದವಕ್ಕೆ ಬೇರೆ ಕಲಂಗಳಿವೆ. ಸುಳ್ಳು ಬರೆದರೆ ಅಥವಾ ನಿಜವನ್ನು ಮುಚ್ಚಿಟ್ಟರೆ ಅದೇ ಅನರ್ಹತೆಗೆ ಕಾರಣವಾಗುತ್ತದೆ ಎಂಬ ಎಚ್ಚರಿಕೆ ನಮೂನೆಯ ತಲೆಯಲ್ಲೇ ಅಚ್ಚಾಗಿರುತ್ತದೆ.

ತುಂಬಿದ ನಮೂನೆ ನೇಮಕಾತಿ ಪ್ರಾಧಿಕಾರದಿಂದ ಜಿಲ್ಲಾಡಳಿತ ಅಥವಾ ಜಿಲ್ಲಾ ಪೊಲೀಸ್ ಕಚೇರಿಗೂ ಅಲ್ಲಿಂದ ಅಭ್ಯರ್ಥಿಯ ಊರಿನ ಠಾಣೆಗೂ ಬರುತ್ತದೆ. ಠಾಣೆಯ ಸಿಬ್ಬಂದಿ ಕಡತಗಳನ್ನು ನೋಡಿ, ಊರಲ್ಲಿ ವಿಚಾರಿಸಿ ವರದಿ ಬರೆಯುತ್ತಾರೆ. ಆ ವರದಿ ಒಂದು ಮಾಹಿತಿ ಮಾತ್ರ. ಕೊನೆಯ ತೀರ್ಮಾನ ನೇಮಕಾತಿ ಪ್ರಾಧಿಕಾರದ್ದು.

ಕೊಪ್ಪಳ ಜಿಲ್ಲೆಯ ಸನ್ನಿವೇಶ

ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳ, ಯಲಬುರ್ಗಾ ಭಾಗಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಪ್ರದೇಶ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ನೌಕರಿಗೆ ಬರುವವನು ಯಾರು, ಎಲ್ಲಿಯವನು ಎಂದು ಕೇಳುವ ಪದ್ಧತಿ ಇಲ್ಲಿ ಹೊಸದಲ್ಲ. ನಿಜಾಮರ ಕಾಲದ ಮುಲ್ಕಿ ನಿಯಮಗಳು ಸಂಸ್ಥಾನದ ನೌಕರಿಗೆ ಸ್ಥಳೀಯರನ್ನು ಗುರುತಿಸುತ್ತಿದ್ದವು. ಇಂದು ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಮೀಸಲಾತಿ ಬಯಸುವವರು ಉಪವಿಭಾಗಾಧಿಕಾರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆಯುತ್ತಾರೆ. ಆ ಪತ್ರ ವಾಸಸ್ಥಳವನ್ನು ಸಾಬೀತುಪಡಿಸುತ್ತದೆಯೇ ಹೊರತು ನಡತೆಯನ್ನಲ್ಲ. ಅದಿದ್ದರೂ ಪೂರ್ವಾಪರ ಪರಿಶೀಲನೆ ತಪ್ಪುವುದಿಲ್ಲ.

ಜಿಲ್ಲೆಯ ಸಾಲದ ಚಿತ್ರ ನೀರಿನ ಜಾಡನ್ನು ಹಿಡಿದು ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತದ ಬೆಳೆಗೆ ಗೊಬ್ಬರದ ಅಂಗಡಿಯ ಉದ್ದರಿ, ದಲಾಲಿ ಅಂಗಡಿಯ ಮುಂಗಡ, ಬ್ಯಾಂಕಿನ ಬೆಳೆಸಾಲ ಒಂದರ ಮೇಲೊಂದು ಬೀಳುತ್ತವೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಬೋರ್‌ವೆಲ್ಲಿನ ಸಾಲ, ಮದುವೆಯ ಕೈಸಾಲ, ಸಂಘದ ಸಾಲಗಳು ಕೂಡಿ ಜನರನ್ನು ಗುಳೆ ಎಬ್ಬಿಸುತ್ತವೆ. ಇಂಥ ಮನೆಯಿಂದ ನೌಕರಿಗೆ ಹೊರಟ ಹುಡುಗನ ಹೆಸರಲ್ಲಿ ಸ್ವಂತದ್ದಲ್ಲದ ಸಾಲವೂ ಇರಬಹುದು. ಅಪ್ಪನ ಬೆಳೆಸಾಲಕ್ಕೆ ಜಾಮೀನು ಹಾಕಿದ್ದರೆ ಆ ಬಾಕಿ ಅವನ ಸಾಲದ ಚರಿತ್ರೆಯಲ್ಲೂ ಕಾಣಿಸಿಕೊಳ್ಳುತ್ತದೆ.

ವಿದೇಶಿ ನಂಟೂ ಎರಡು ದಾರಿಗಳಲ್ಲಿ ಬರುತ್ತದೆ. ಮೊದಲನೆಯದು ಕೊಲ್ಲಿ ದೇಶಗಳಿಗೂ ಅಮೆರಿಕಕ್ಕೂ ಹೋಗಿ ದುಡಿಯುವ ಮನೆಮಕ್ಕಳದ್ದು. ಎರಡನೆಯದು ಮನೆಬಾಗಿಲಿಗೇ ಬರುವ ಪ್ರವಾಸಿಗರದ್ದು. ಹಂಪಿಗೆ ಎದುರಾಗಿ ಹೊಳೆಯ ಆಚೆ ದಡದಲ್ಲಿರುವ ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರಗಳಲ್ಲಿ ವಿದೇಶಿಯರು ತಿಂಗಳುಗಟ್ಟಲೆ ತಂಗುವುದುಂಟು. ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು 2020ರಲ್ಲಿ ತೆರವುಗೊಳಿಸುವವರೆಗೆ ಅದೂ ಅಂಥದೇ ತಾಣವಾಗಿತ್ತು. ವಿದೇಶಿ ಅತಿಥಿ ಬಂದ 24 ಗಂಟೆಗಳೊಳಗೆ ವಸತಿಗೃಹದವರು ಮಾಹಿತಿ ಕೊಡಬೇಕು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಾಧಿಕಾರಿ. ಹೀಗಾಗಿ ಹೋಂಸ್ಟೇ ನಡೆಸುವ ಮನೆಯಿಂದ ನೌಕರಿಗೆ ಆಯ್ಕೆಯಾದವರ ವರದಿಯೂ, ಆ ಮನೆಗೆ ಬಂದ ವಿದೇಶಿ ಅತಿಥಿಗಳ ದಾಖಲೆಯೂ ಒಂದೇ ಕಚೇರಿಗೆ ಸೇರುತ್ತವೆ. ಅತಿಥಿಗಳ ವಿವರವನ್ನು ನಿಯಮದಂತೆ ಸಲ್ಲಿಸುತ್ತ ಬಂದಿದ್ದರೆ ಅದೇ ಆ ಮನೆಯವರ ಪರವಾದ ಸಾಕ್ಷ್ಯವಾಗುತ್ತದೆ.

ವಿದೇಶಿ ನಂಟಿನ ನಿಯಮಗಳು

1964ರ ಕೇಂದ್ರ ನಾಗರಿಕ ಸೇವಾ (ನಡತೆ) ನಿಯಮಗಳ 21ನೇ ನಿಯಮದ ಪ್ರಕಾರ, ಭಾರತೀಯರಲ್ಲದವರನ್ನು ಮದುವೆಯಾದ ನೌಕರ ಅದನ್ನು ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ಇಲ್ಲಿ ಮದುವೆಗೆ ನಿಷೇಧವಿಲ್ಲ, ತಿಳಿಸುವುದು ಕಡ್ಡಾಯ. ವಿದೇಶದಲ್ಲಿ ಸ್ಥಿರಾಸ್ತಿ ಕೊಳ್ಳುವುದಕ್ಕೆ, ವಿದೇಶಿಯರ ಜೊತೆ ಆಸ್ತಿ ವ್ಯವಹಾರ ಮಾಡುವುದಕ್ಕೆ 18-ಎ ನಿಯಮದ ಅಡಿಯಲ್ಲಿ ಮೊದಲೇ ಅನುಮತಿ ಪಡೆಯಬೇಕು.

ವಿದೇಶಾಂಗ ಸೇವೆಯಲ್ಲಿ ಕಟ್ಟುಪಾಡು ಇನ್ನೂ ಬಿಗಿಯಾಗಿತ್ತು. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಯುವ ರಾಜತಾಂತ್ರಿಕರಾಗಿದ್ದಾಗ ಬರ್ಮಾದ ಮಾ ತಿಂಟ್ ತಿಂಟ್ ಅವರನ್ನು ಮದುವೆಯಾಗಲು ಪ್ರಧಾನಿ ನೆಹರೂ ಅವರ ವಿಶೇಷ ಅನುಮತಿ ಬೇಕಾಯಿತು. 1951ರಲ್ಲಿ ದೆಹಲಿಯಲ್ಲಿ ಮದುವೆ ನಡೆಯಿತು. ವಧು ಉಷಾ ಎಂಬ ಹೆಸರನ್ನು ತಳೆದು ಭಾರತದ ಪೌರತ್ವ ಪಡೆದರು. ಮುಚ್ಚುಮರೆಯಿಲ್ಲದೆ ಮೊದಲೇ ಕೇಳಿದ್ದು, ಅಧಿಕಾರವುಳ್ಳವರು ವಿವೇಚನೆಯಿಂದ ಒಪ್ಪಿದ್ದು, ಪೌರತ್ವ ಬದಲಾದದ್ದು, ಈ ಮೂರು ಹೆಜ್ಜೆಗಳಲ್ಲಿ ಆ ಪ್ರಶ್ನೆ ಬಗೆಹರಿಯಿತು.

ಮದುವೆಯ ಮೇಲಿನ ಕಟ್ಟುಪಾಡು ಹೆಂಗಸರಿಗೆ ಬೇರೆಯೇ ಆಗಿದ್ದುದನ್ನು ಪ್ರಶ್ನಿಸಿದವರು ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಅವರು. 1961ರ ವಿದೇಶಾಂಗ ಸೇವಾ ನಿಯಮಗಳಂತೆ ಆ ಸೇವೆಯ ಮಹಿಳೆ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಗಂಡಸರಿಗೆ ಅಂಥ ಷರತ್ತಿರಲಿಲ್ಲ. ಮುತ್ತಮ್ಮ ಹೂಡಿದ ಮೊಕದ್ದಮೆಯ ಕಾಲದಲ್ಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು, ನಿಯಮಗಳ ತಿದ್ದುಪಡಿಗೂ ಒಪ್ಪಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇಂಥ ತಾರತಮ್ಯವನ್ನು ಖಂಡಿಸಿದರು.

ಜಿಲ್ಲೆಯ ಸಾಮಾನ್ಯ ನೌಕರರಿಗೆ ಹೆಚ್ಚು ಎದುರಾಗುವುದು ಹಣದ ಪ್ರಶ್ನೆ. ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ, 2010 ಸರ್ಕಾರಿ ನೌಕರರು ವಿದೇಶಿ ವಂತಿಗೆ ಪಡೆಯುವುದನ್ನು ನಿಷೇಧಿಸುತ್ತದೆ, ಆದರೆ ಬಂಧುಗಳಿಂದ ಬಂದದ್ದಕ್ಕೆ ವಿನಾಯಿತಿ ಕೊಡುತ್ತದೆ. ದುಬೈಯಲ್ಲಿ ದುಡಿಯುತ್ತಿರುವ, ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡ ಅಣ್ಣ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಅದೇ ಅಣ್ಣ ಅಮೆರಿಕದ ಪ್ರಜೆಯಾಗಿದ್ದರೆ ಲೆಕ್ಕ ಬೇರೆ. ಅವನು ಒಂದು ಹಣಕಾಸು ವರ್ಷದಲ್ಲಿ ಕಳಿಸಿದ ಮೊತ್ತ 10 ಲಕ್ಷ ರೂ. ದಾಟಿದರೆ, ಪಡೆದವರು ಮೂರು ತಿಂಗಳೊಳಗೆ ಕೇಂದ್ರ ಸರ್ಕಾರಕ್ಕೆ ತಿಳಿಸಬೇಕು. 2022ರ ಜುಲೈಗೆ ಮುಂಚೆ ಈ ಮಿತಿ 1 ಲಕ್ಷ ರೂ. ಇತ್ತು.

ಸಾಲದ ನಿಯಮಗಳು

ಕೇಂದ್ರ ನಡತೆ ನಿಯಮಗಳ 17ನೇ ನಿಯಮ, ನೌಕರ ತನ್ನ ಖಾಸಗಿ ವ್ಯವಹಾರಗಳನ್ನು ಸದಾ ಸಾಲದಲ್ಲಿ ಮುಳುಗದಂತೆ, ದಿವಾಳಿಯಾಗದಂತೆ ನಡೆಸಿಕೊಳ್ಳಬೇಕು ಎನ್ನುತ್ತದೆ. ಸಾಲ ವಸೂಲಿಗೆ ಅಥವಾ ದಿವಾಳಿ ಘೋಷಣೆಗೆ ದಾವೆ ಹೂಡಿದರೆ ಅದನ್ನು ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ಸಾಲ ದುಂದುಗಾರಿಕೆಯಿಂದ ಬಂದದ್ದಲ್ಲ, ಮುಂಗಾಣಲಾಗದ ಅಥವಾ ಕೈಮೀರಿದ ಪರಿಸ್ಥಿತಿಯಿಂದ ಬಂದದ್ದು ಎಂದು ರುಜುವಾತುಪಡಿಸುವ ಹೊಣೆ ನೌಕರನದೇ. ಬರಗಾಲ, ಕಾಯಿಲೆ, ಮನೆಯ ಯಜಮಾನನ ಸಾವು ಈ ವಿವರಣೆಗೆ ಹೊಂದುವ ಕಾರಣಗಳು. ತನ್ನ ಅಧಿಕಾರದ ವ್ಯಾಪ್ತಿಯಲ್ಲಿರುವವರಿಂದ ಸಾಲ ಪಡೆಯುವುದನ್ನು 16ನೇ ನಿಯಮ ತಡೆಯುತ್ತದೆ. ರಾಜ್ಯ ನೌಕರರಿಗೆ ಅನ್ವಯಿಸುವ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳ ಆಶಯವೂ ಇದೇ. ಪ್ರತಿ ವರ್ಷದ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿಯಲ್ಲಿ ಸಾಲವನ್ನೂ ತೋರಿಸಬೇಕು.

ಸಾಲವೊಂದು ಕ್ರಿಮಿನಲ್ ಮೊಕದ್ದಮೆಯಾಗಿ ಮಾರ್ಪಡುವುದು ಬಹುಮಟ್ಟಿಗೆ ಚೆಕ್ಕಿನ ಮೂಲಕ. ಕೈಸಾಲಕ್ಕೆ ಭದ್ರತೆಯೆಂದು ಕೊಟ್ಟ ಖಾಲಿ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿಯಲ್ಲಿ 2 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಆಗ ಅದು ದೃಢೀಕರಣ ನಮೂನೆಯ ಮೊಕದ್ದಮೆಗಳ ಕಲಮಿನಲ್ಲಿ ಬರೆಯಲೇಬೇಕಾದ ಸಂಗತಿ. 147ನೇ ಸೆಕ್ಷನ್ನಿನಂತೆ ಇದು ರಾಜಿಯಾಗಬಲ್ಲ ಅಪರಾಧ. ಹಣ ತೀರಿಸಿ ಲೋಕ ಅದಾಲತ್‌ನಲ್ಲಿ ಮುಗಿಸಿಕೊಂಡರೂ ನಮೂನೆಯಲ್ಲಿ ಅದನ್ನು ನಮೂದಿಸಬೇಕು.

ಬ್ಯಾಂಕ್ ನೌಕರಿಗಳಲ್ಲಿ ಸಾಲದ ಚರಿತ್ರೆ ನೇರವಾಗಿ ಅರ್ಹತೆಯ ಪ್ರಶ್ನೆಯಾಗಿದೆ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಸುಸ್ತಿಯಾಗಿದ್ದವರು, ಸಿಬಿಲ್‌ನಂಥ ಸಾಲಮಾಹಿತಿ ಸಂಸ್ಥೆಗಳಿಂದ ಪ್ರತಿಕೂಲ ವರದಿ ಬಂದವರು ಅರ್ಹರಲ್ಲ ಎಂಬ ಷರತ್ತು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ನೇಮಕಾತಿ ಪ್ರಕಟಣೆಗಳಲ್ಲಿ ಇದೆ. ಈ ಕಾರಣಕ್ಕೆ ಆಯ್ಕೆ ರದ್ದಾದ ಅಭ್ಯರ್ಥಿಯೊಬ್ಬರ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2025ರ ಜೂನ್‌ನಲ್ಲಿ ತಳ್ಳಿಹಾಕಿತು. ಸಾರ್ವಜನಿಕರ ಹಣವನ್ನು ನೋಡಿಕೊಳ್ಳುವವರಿಗೆ ಹಣಕಾಸಿನ ಶಿಸ್ತು ಬೇಕೆಂಬುದು ಅದರ ನಿಲುವು.

ನ್ಯಾಯಾಲಯಗಳ ನಿಲುವು

ಪೊಲೀಸ್ ವರದಿಯ ಮಾತೇ ಕೊನೆಯಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ರಾಮಶಂಕರ ರಘುವಂಶಿ ಪ್ರಕರಣದಲ್ಲಿ ಹೇಳಿತು. ಹಿಂದಿನ ರಾಜಕೀಯ ಚಟುವಟಿಕೆಯ ಬಗ್ಗೆ ಬಂದ ವರದಿಯನ್ನು ನೋಡಿ ಮಧ್ಯಪ್ರದೇಶ ಸರ್ಕಾರ ಶಿಕ್ಷಕರೊಬ್ಬರನ್ನು ತೆಗೆದುಹಾಕಿದ್ದನ್ನು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ತೀರ್ಪು ಒಪ್ಪಲಿಲ್ಲ. ಮುಚ್ಚಿಟ್ಟವರ ವಿಷಯದಲ್ಲಿ ಕೋರ್ಟ್ ಕಠಿಣವಾಗಿದೆ. 2003ರ ರಾಮ್ ರತನ್ ಯಾದವ್ ಪ್ರಕರಣದಲ್ಲಿ ಕೇಂದ್ರೀಯ ವಿದ್ಯಾಲಯದ ಶಿಕ್ಷಕರೊಬ್ಬರು ಬಾಕಿಯಿದ್ದ ಮೊಕದ್ದಮೆಯನ್ನು ನಮೂನೆಯಲ್ಲಿ ಬರೆದಿರಲಿಲ್ಲ. ತಾನು ಹಿಂದಿ ಮಾಧ್ಯಮದವನು, ಇಂಗ್ಲಿಷ್ ಕಲಂಗಳು ಸರಿಯಾಗಿ ಅರ್ಥವಾಗಲಿಲ್ಲ ಎಂಬ ವಾದವನ್ನು ಕೋರ್ಟ್ ಒಪ್ಪದೆ ವಜಾವನ್ನು ಎತ್ತಿಹಿಡಿಯಿತು.

ಈ ಎರಡು ಧೋರಣೆಗಳನ್ನು ಹೊಂದಿಸಿದ್ದು 2016ರ ಜುಲೈ 21ರ ಅವತಾರ್ ಸಿಂಗ್ ತೀರ್ಪು. ಮೂವರು ನ್ಯಾಯಮೂರ್ತಿಗಳ ಪೀಠದ ಪ್ರಕಾರ ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು. ಆದರೆ ಕ್ಷುಲ್ಲಕ ಸ್ವರೂಪದ ಪ್ರಕರಣವನ್ನು ಬಿಟ್ಟಿದ್ದರೆ ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆಯಿಂದ ಮನ್ನಿಸಬಹುದು. ನಮೂನೆಯಲ್ಲಿ ಸ್ಪಷ್ಟವಾಗಿ ಕೇಳದೆ ಇದ್ದುದನ್ನು ಹೇಳಲಿಲ್ಲವೆಂದು ದೂರುವಂತಿಲ್ಲ. ನಿಜ ಹೇಳಿದ ಮಾತ್ರಕ್ಕೆ ನೌಕರಿ ಸಿಕ್ಕೇಬಿಡುತ್ತದೆ ಎಂದೂ ಅಲ್ಲ.

ಇದಕ್ಕಿಂತ ಬೇರೆಯಾದದ್ದು ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಭದ್ರತಾ ಅನುಮತಿ. ದೇಶದ ಭದ್ರತೆಯ ಪ್ರಶ್ನೆ ಬಂದಾಗ ಸಹಜ ನ್ಯಾಯದ ಎಲ್ಲ ಕ್ರಮಗಳನ್ನೂ ಪಾಲಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ವಿಮಾನ ನಿಲ್ದಾಣದ ಸೇವಾ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ ಹೇಳಿತ್ತು. 2023ರ ಏಪ್ರಿಲ್ 5ರಂದು ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ ಅದೇ ಕೋರ್ಟ್, ಭದ್ರತೆ ಎಂಬ ಮಾತೊಂದನ್ನೇ ಮುಂದಿಟ್ಟು ಕಾರಣಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಅಡಗಿಸುವುದನ್ನು ಒಪ್ಪಲಿಲ್ಲ. ಬೆಂಗಳೂರು ಸೇರಿ ಹಲವು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿ ಮೂಲದ ಸೆಲೆಬಿ ಸಂಸ್ಥೆಯ ಅನುಮತಿಯನ್ನು 2025ರ ಮೇ ತಿಂಗಳಲ್ಲಿ ರದ್ದುಪಡಿಸಿದ್ದನ್ನು ದೆಹಲಿ ಹೈಕೋರ್ಟ್ ಜುಲೈನಲ್ಲಿ ಎತ್ತಿಹಿಡಿಯಿತು.

ಅಮೆರಿಕದ ಕ್ರಮ ಮತ್ತು ಅಲ್ಲಿನ ಕನ್ನಡ ಕುಟುಂಬಗಳು

ಅಮೆರಿಕದ ಪೌರತ್ವ ಪಡೆದು ರಕ್ಷಣಾ ಇಲಾಖೆಯ ಗುತ್ತಿಗೆ ಸಂಸ್ಥೆಗಳಲ್ಲಿ ದುಡಿಯುವ ಎಂಜಿನಿಯರುಗಳಿಗೆ ಇದೇ ಪ್ರಶ್ನೆ ತಿರುಗುಮುರುಗಾಗಿ ಬರುತ್ತದೆ. ಅಲ್ಲಿನ ಸರ್ಕಾರದ ಕಣ್ಣಿಗೆ ಊರಲ್ಲಿರುವ ತಾಯಿಯೇ ವಿದೇಶಿ ನಂಟು. ವ್ಯಕ್ತಿಗಳಿಗೆ ಭದ್ರತಾ ಅನುಮತಿ ಕೊಡಲು 2017ರ ಜೂನ್ 8ರಿಂದ ಜಾರಿಯಲ್ಲಿರುವ ಮಾರ್ಗಸೂಚಿಯಲ್ಲಿ 13 ಶೀರ್ಷಿಕೆಗಳಿವೆ. ‘ಬಿ’ ಶೀರ್ಷಿಕೆ ವಿದೇಶಿ ಪ್ರಭಾವಕ್ಕೆ, ‘ಎಫ್’ ಶೀರ್ಷಿಕೆ ಹಣಕಾಸಿಗೆ ಮೀಸಲು. ಪ್ರತಿ ಶೀರ್ಷಿಕೆಯ ಕೆಳಗೂ ಸಂಶಯ ಹುಟ್ಟಿಸುವ ಸಂಗತಿಗಳು ಮಾತ್ರವಲ್ಲದೆ ಅದನ್ನು ತಗ್ಗಿಸುವ ಸಂಗತಿಗಳನ್ನೂ ಬರೆದಿಟ್ಟಿದ್ದಾರೆ. ಬಂಧು ಯಾವ ದೇಶದವರು, ಅವರ ಉದ್ಯೋಗವೇನು, ಅರ್ಜಿದಾರನ ಬೇರು ಅಮೆರಿಕದಲ್ಲಿ ಎಷ್ಟು ಆಳವಾಗಿದೆ, ವಿದೇಶದ ಆಸ್ತಿಯ ಬೆಲೆ ಅಲ್ಲಿನ ಆಸ್ತಿಯ ಮುಂದೆ ಎಷ್ಟು ಎಂಬುದನ್ನು ತೂಗುತ್ತಾರೆ. ಸಾಲದ ವಿಷಯದಲ್ಲಿ ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನದಂಥ ಕೈಮೀರಿದ ಕಾರಣಗಳನ್ನೂ ತೀರಿಸಲು ಪ್ರಾಮಾಣಿಕವಾಗಿ ಮಾಡಿದ ಯತ್ನವನ್ನೂ ಪರಿಗಣಿಸುತ್ತಾರೆ.

ಅನುಮತಿ ನಿರಾಕರಿಸುವ ಮುನ್ನ ಕಾರಣಗಳ ಪಟ್ಟಿಯನ್ನು ಅರ್ಜಿದಾರನಿಗೆ ಕೊಡುತ್ತಾರೆ. ಗುತ್ತಿಗೆ ನೌಕರರು ಆಡಳಿತ ನ್ಯಾಯಾಧೀಶರ ಮುಂದೆ ಸಾಕ್ಷ್ಯ ಹಾಜರುಪಡಿಸಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು. ಹೆಸರುಗಳನ್ನು ತೆಗೆದು ಪ್ರಕಟಿಸುವ ಇಂಥ ತೀರ್ಪುಗಳಲ್ಲಿ ಭಾರತದಲ್ಲಿ ಬಂಧುಗಳಿರುವವರ ಪ್ರಕರಣಗಳೂ ಇವೆ. ಹಾಗೆಂದು ಅನುಮತಿ ಯಾರ ಹಕ್ಕೂ ಅಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರ ಈಗನ್ ಪ್ರಕರಣದಲ್ಲಿ ಹೇಳಿದೆ. ಕೊನೆಗೂ ಉಳಿದ ಸಂಶಯದ ಲಾಭ ದೇಶದ ಭದ್ರತೆಗೇ ಸಲ್ಲುತ್ತದೆ.

ಕೊಪ್ಪಳದಂಥ ಕೃಷಿ ಜಿಲ್ಲೆಯ ಮೂಲದವರಿಗೆ ಇಲ್ಲಿ ಒಂದು ವಿಶಿಷ್ಟ ತೊಡಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲಿ ಜಾರಿಗೆ ತಂದ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿಗಳಿಂದಾಗಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲಿದೆ. ನ್ಯೂಜೆರ್ಸಿಯಲ್ಲಿ ನೆಲೆಸಿದ ಮಗಳು ತಾನು ಎಂದೂ ನೋಡದ ಕುಷ್ಟಗಿಯ ಎರಿಹೊಲಕ್ಕೆ ಪಾಲುದಾರಳಾಗಿರಬಹುದು. ಸಾಗರೋತ್ತರ ಭಾರತೀಯ ಪೌರ ಕಾರ್ಡ್ ಉಳ್ಳವರು ಇಲ್ಲಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ಆದರೆ ವಾರಸಾಗಿ ಪಡೆಯಬಹುದು. ಆ ಕಾರ್ಡ್ ಇಮ್ಮಡಿ ಪೌರತ್ವವಲ್ಲ. ಅದನ್ನು ಪಡೆದವರಿಗೆ ಭಾರತದಲ್ಲಿ ಸಾರ್ವಜನಿಕ ಹುದ್ದೆಯ ಸಮಾನ ಅವಕಾಶದ ಹಕ್ಕೂ ಇಲ್ಲ.

ಸಂಶಯ ನಿವಾರಣೆಗೆ ಒದಗುವ ದಾಖಲೆಗಳು

ಎರಡೂ ದೇಶಗಳಲ್ಲಿ ಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. ಜಮೀನಿನ ಪಾಲಿನ ಪ್ರಶ್ನೆಯಿದ್ದರೆ ಪಹಣಿ, ತಂದೆಯ ನಂತರದ ಫವತಿ ಖಾತೆ, ಪಾಲು ಬೇಡವಾದರೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಬೇಕಾಗುತ್ತವೆ. ಪಹಣಿಯ ಋಣಗಳ ಕಲಂ ಮತ್ತು ಋಣಭಾರ ಪ್ರಮಾಣಪತ್ರಗಳು ಜಮೀನಿನ ಮೇಲಿನ ಸಾಲವನ್ನು ತೋರಿಸುತ್ತವೆ. ತೀರಿದ ಸಾಲಕ್ಕೆ ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆಯಬೇಕು. ರಿಯಾಯಿತಿಯಲ್ಲಿ ಒಂದೇ ಕಂತಿಗೆ ಮುಗಿಸಿದ ಸಾಲ, ಪೂರ್ತಿ ಕಟ್ಟಿದ ಸಾಲದಂತೆ ಸಿಬಿಲ್ ವರದಿಯಲ್ಲಿ ಕಾಣುವುದಿಲ್ಲ.

ವರದಿಯಲ್ಲಿ ತಪ್ಪಿದ್ದರೆ ತಿದ್ದಿಸಲು ದಾರಿಯಿದೆ. ಪ್ರತಿ ಸಾಲಮಾಹಿತಿ ಸಂಸ್ಥೆ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ದೂರು ಕೊಟ್ಟ 30 ದಿನಗಳೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಖಾಸಗಿ ಲೇವಾದೇವಿಯವರ ಕಾಟವಿದ್ದರೆ ರಾಜ್ಯ ಸರ್ಕಾರ 2025ರಲ್ಲಿ ತಂದ ಕಿರುಸಾಲ ಕಾನೂನಿನ ಅಡಿಯಲ್ಲಿ ದೂರು ಕೊಡಬಹುದು. ಬಲವಂತದ ವಸೂಲಿಗೆ ಅದರಲ್ಲಿ 10 ವರ್ಷಗಳವರೆಗೆ ಜೈಲು, 5 ಲಕ್ಷ ರೂ. ವರೆಗೆ ದಂಡ ಇದೆ.

ವಿಮರ್ಶೆ

ಭಾರತದ ನಮೂನೆ ಬಂಧುಗಳ ರಾಷ್ಟ್ರೀಯತೆಯನ್ನು ಕೇಳುತ್ತದೆ, ಆ ಉತ್ತರವನ್ನು ಹೇಗೆ ತೂಗಲಾಗುತ್ತದೆ ಎಂಬುದನ್ನು ಅಭ್ಯರ್ಥಿಗೆ ತಿಳಿಸುವುದಿಲ್ಲ. ಅಮೆರಿಕದಲ್ಲಿ ತಕ್ಕಡಿ ಎಲ್ಲರಿಗೂ ಕಾಣುವಂತಿದೆ, ತೂಗುವ ಕೈ ಮಾತ್ರ ಬಿಗಿ. ಇಲ್ಲಿ ಕೈ ಸಡಿಲವಾದೀತು, ಬಿಗಿಯಾದೀತು, ತಕ್ಕಡಿಯೇ ಕಾಣದು. ಅವತಾರ್ ಸಿಂಗ್ ತೀರ್ಪು ಮೊಕದ್ದಮೆಗಳ ವಿಷಯದಲ್ಲಿ ಆ ಕೊರತೆಯನ್ನು ಒಂದಿಷ್ಟು ತುಂಬಿತು. ವಿದೇಶಿ ಬಂಧುಗಳ ಬಗ್ಗೆ, ಸಾಲದ ಬಗ್ಗೆ ಅಂಥ ತೂಕದ ಸೂತ್ರ ಇನ್ನೂ ರೂಪುಗೊಳ್ಳಬೇಕಿದೆ.

ಭಾಷೆಯ ಪ್ರಶ್ನೆಯೂ ಉಳಿದಿದೆ. ಕೇಂದ್ರದ ದೃಢೀಕರಣ ನಮೂನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ. ಯಲಬುರ್ಗಾದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ ಅಭ್ಯರ್ಥಿ, ರಾಜಿಯಲ್ಲಿ ಮುಗಿದ ಚೆಕ್ ಮೊಕದ್ದಮೆಯನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ತಿಳಿಯದೆ ‘ಇಲ್ಲ’ ಎಂದು ಬರೆದುಬಿಡಬಹುದು. ಅರ್ಥವಾಗಲಿಲ್ಲ ಎಂಬ ಮಾತು 2003ರಲ್ಲಿ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಸಾಲವನ್ನು ತೀರಿಸಬಹುದು, ನಂಟನ್ನು ವಿವರಿಸಬಹುದು. ಸಹಿ ಹಾಕಿ ಕೊಟ್ಟ ಒಂದು ತಪ್ಪು ‘ಇಲ್ಲ’ವನ್ನು ಹಿಂದಕ್ಕೆ ಪಡೆಯುವುದು ಅವೆರಡಕ್ಕಿಂತ ಕಷ್ಟ.